ಕರೆಂಟ್ ಪಾರ್ಟಿಯ ಎರಡು ರೆಕಾರ್ಡಿಂಗ್

ಧ್ವನಿಮುದ್ರಣದ ಕೆಲಸ ಮಾಡಿದವನಿಗೆ ಮೊದಲು ಹೋಗುವುದು ಕಿವಿ ಎಂದು ಎಲ್ಲರೂ ತಿಳಿದಿದ್ದಾರೆ. ನನಗೆ ಮೊದಲು ಹೋದದ್ದು ಸೊಂಟ. ರಾಯಚೂರಿನಲ್ಲಿ ನಾನು ಈ ಕೆಲಸ ಹಿಡಿದಾಗ ಟೇಪ್ ರೆಕಾರ್ಡರ್ ಎಂದರೆ ಇಬ್ಬರು ಹಿಡಿದು ಎತ್ತಬೇಕಾದ ಪೆಟ್ಟಿಗೆ. ಆ ಎರಡನೆಯವನು ಎತ್ತುವ ಹೊತ್ತಿಗೆ ಯಾವಾಗಲೂ ಚಹಾ ಕುಡಿಯಲು ಹೋಗಿರುತ್ತಿದ್ದ. ಕಿವಿ ಆಮೇಲೆ ನಿಧಾನವಾಗಿ ಹೋಯಿತು. ಈಗ ಬಲಗಿವಿಗೆ ತೆಳು ದನಿಗಳು ಕೇಳಿಸುವುದಿಲ್ಲ. ಮೊಮ್ಮಗಳ ಕಾಲ್ಗೆಜ್ಜೆ ಅಲ್ಲಾಡುವುದು ಕಣ್ಣಿಗೆ ಕಾಣುತ್ತದೆ, ಅಷ್ಟೆ.

ಈಚೆಗೆ ಯರಗೇರಾದಲ್ಲಿ ಓದುತ್ತಿರುವ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹಾಡು ಮುದ್ರಿಸುತ್ತಾರಂತೆ. "ಕಾಕಾ, ನಿಮ್ಮ ಕಾಲದಾಗ ಹ್ಯಾಂಗ ಮಾಡ್ತಿದ್ರಿ?" ಎಂದು ಕೇಳಿದರು. ಮೈಕು, ಸ್ಪೂಲು, ಕ್ಯಾಸೆಟ್ಟು ಎಂದು ಏನೇನೋ ಹೇಳಿ ಕಳಿಸಿದೆ. ಹೇಳಬೇಕಾದ್ದು ಬಾಯಿಗೆ ಬರಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ. ನಾನು ಯಾವಾಗ ಏನಾದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಮ್ಮೂರು ಯಾಪಲದಿನ್ನಿ. ಎಪ್ಪತ್ತರ ದಶಕದ ಮೊದಲಲ್ಲಿ ರಾಯಚೂರಿಗೆ ಬಂದು ಶರಣಪ್ಪ ಸಾಹುಕಾರರ ಮೈಕ್ ಸೆಟ್ ಅಂಗಡಿಗೆ ಸೇರಿದೆ. ಮದುವೆ, ಉರುಸು, ಚುನಾವಣೆ ಎಂದು ಎಲ್ಲ ಕಡೆ ಮರ ಹತ್ತಿ ಹಾರ್ನ್ ಕಟ್ಟುವುದು ನನ್ನ ಕೆಲಸ. ಎರಡು ವರ್ಷದ ನಂತರ ಸಾಹುಕಾರರು ಅಂಗಡಿಯ ಹಿಂದಿದ್ದ ಹತ್ತಿ ಗೋದಾಮನ್ನು ಖಾಲಿ ಮಾಡಿಸಿ ರೆಕಾರ್ಡಿಂಗ್ ಕೋಣೆ ಮಾಡಿದರು. ಗೋಡೆಗೆಲ್ಲ ಹತ್ತಿ ತುಂಬಿದ ಗೋಣಿಚೀಲ ಹೊಡೆಸಿದರು. ಒಳಗಿನ ಸದ್ದು ಹೊರಗೆ ಹೋಗುತ್ತಿರಲಿಲ್ಲ, ಸೆಕೆಯೂ ಹೋಗುತ್ತಿರಲಿಲ್ಲ. ಮುದ್ರಣ ನಡೆಯುವಾಗ ಫ್ಯಾನ್ ಹಾಕುವಂತಿಲ್ಲ, ಅದರ ಗರಗರ ಟೇಪಿಗೆ ಬರುತ್ತದೆ. ಮೇ ತಿಂಗಳಲ್ಲಿ ಒಂದು ಭಜನೆ ಮುಗಿಯುವಷ್ಟರಲ್ಲಿ ಹಾರ್ಮೋನಿಯಂನ ಬಿಳಿ-ಕರಿ ಮನೆಗಳ ಮೇಲೆ ಬೆವರು ನಿಂತಿರುತ್ತಿತ್ತು.

ಆಗ ನಮಗಿದ್ದದ್ದು ಒಂದೇ ಮೈಕು. ಹಾಡುವವರು, ತಬಲಾ, ತಾಳ ಎಲ್ಲ ಅದರ ಸುತ್ತ. ಯಾರು ಎಷ್ಟು ದೂರ ಕೂರಬೇಕು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದೆ. ಕಲಿತ ವಿದ್ಯೆ ಅಂದರೆ ಆ ಗೆರೆಗಳು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಹಾಡಬೇಕು. ಸಾಹುಕಾರರಿಗೆ ಒಂದು ಚಟವಿತ್ತು. ಹಾಡಿನ ನಡುವೆ ಬಾಗಿಲು ತೆರೆದು "ಆತೇನಪಾ?" ಎನ್ನುವುದು. ದೇವದುರ್ಗದ ಒಂದು ಭಜನಾ ಮಂಡಳಿಯ ಟೇಪಿನಲ್ಲಿ ಆ ಮಾತು ಹಾಗೇ ಉಳಿಯಿತು. ಆ ಮಂಡಳಿಯವರು ಊರಿನಲ್ಲಿ ಹಾಡುವಾಗಲೂ ಆ ಜಾಗ ಬಂದರೆ ನಗು ತಡೆಯಲಾರದೆ ನಿಲ್ಲಿಸುತ್ತಿದ್ದರಂತೆ.

ಬೇಸಿಗೆಯಲ್ಲಿ ವೋಲ್ಟೇಜು ಇಳಿದರೆ ಮಷೀನು ನಿಧಾನ ತಿರುಗುತ್ತಿತ್ತು. ಅದನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ದನಿ ಏರಿ ಸಣ್ಣದಾಗುತ್ತಿತ್ತು. ಮಾನ್ವಿಯ ಕಡೆಯ ಒಬ್ಬ ದಪ್ಪ ದನಿಯ ಹಿರಿಯರು ಪುರಾಣ ಓದಿ ಹೋದರು. ವಾರ ಬಿಟ್ಟು ಬಂದಾಗ ಹಾಕಿ ಕೇಳಿಸಿದರೆ ಟೇಪಿನಿಂದ ಹೆಣ್ಣುಮಗಳ ದನಿ ಬರುತ್ತಿದೆ! ನಾನು ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ನಮ್ಮವ್ವ ಹಿಂಗ ಓದ್ತಿದ್ಳು. ಕಟ್ಟಿ ಕೊಡಪಾ" ಎಂದು ಒಯ್ದರು. ಎಲ್ಲ ತಪ್ಪುಗಳೂ ಹೀಗೆ ಮುಗಿಯುವುದಿಲ್ಲ. ಒಂದು ತಪ್ಪು ಹನ್ನೆರಡು ವರ್ಷ ನನ್ನ ಕೊರಳಿಗೆ ಜೋತುಬಿದ್ದಿತ್ತು.

ಎಪ್ಪತ್ತರ ದಶಕದ ನಡುವೆ ರಾಯಚೂರಿನಲ್ಲಿ ಮೂವರು ಸೇರಿ ಒಂದು ವಾದ್ಯಮೇಳ ಕಟ್ಟಿದ್ದರು. ಅದಕ್ಕೊಂದು ದೊಡ್ಡ ಹೆಸರಿಟ್ಟಿದ್ದರು, ಜನ ಮಾತ್ರ ಕರೆಂಟ್ ಪಾರ್ಟಿ ಎಂದೇ ಕರೆದರು. ಯಾಕೆಂದರೆ ಅವರ ಗಿಟಾರಿಗೆ ವಯರು ಇತ್ತು. ಆ ಗಿಟಾರು ಮಾಡಿದವನು ಮಾರೆಪ್ಪ. ಗಂಜ್‌ನಲ್ಲಿ ಧಾನ್ಯದ ಮೂಟೆ ಹೊರುವ ಹಮಾಲಿ ಮಾಡುವವರ ಮಗ, ಮೋಟಾರು ರಿಪೇರಿ ಕಲಿತಿದ್ದ. ತೇಗದ ಹಲಗೆ ಕೊಯ್ದು, ಕೆಟ್ಟ ಲೌಡ್‌ಸ್ಪೀಕರಿನ ಅಯಸ್ಕಾಂತ ಕೂರಿಸಿ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ನಮ್ಮ ಅಂಗಡಿಯ ಆಂಪ್ಲಿಫೈಯರಿಗೆ ಸಿಕ್ಕಿಸಿದ್ದ. ಡ್ರಮ್ಮು ಮೆಹಬೂಬನದು. ಅವನದು ಮದುವೆ ಬ್ಯಾಂಡಿನ ಮನೆತನ. ಹೊಲಿಗೆ ಮಷೀನಿನ ಪೆಡಲಿಗೆ ಬಡಿಗೆ ಕಟ್ಟಿ ದೊಡ್ಡ ಡೋಲನ್ನು ಕಾಲಿನಿಂದ ಹೊಡೆಯುತ್ತಿದ್ದ. ಹಾಡು ಕಟ್ಟಿ ಹಾಡುವವನು ಹನುಮಂತ. ದೇವದುರ್ಗ ಕಡೆಯ ಅರಕೇರಾದವನು, ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದ.

ಏಪ್ರಿಲ್ ತಿಂಗಳ ಜಯಂತಿಗೆ ಅವರು ಹಾಡಿದರೆ ಜನ ಗೋಡೆ ಹತ್ತಿ ನಿಲ್ಲುತ್ತಿದ್ದರು. ಹನುಮಂತ ತನ್ನ ಊರಿನ ಮಾತಿನಲ್ಲೇ ಹಾಡು ಕಟ್ಟುತ್ತಿದ್ದ. ಕೆಲಸ ಹುಡುಕಿ ಬಸ್ಸು ಹತ್ತಿದವರ ಮೇಲೆ ಒಂದು, ಹಾಸ್ಟೆಲಿನ ಜೋಳದ ರೊಟ್ಟಿಯ ಮೇಲೆ ಒಂದು. ಹಿರಿಯರು ಕೆಲವರು ಇದೇನು ಗದ್ದಲ ಎಂದು ಎದ್ದು ಹೋಗುತ್ತಿದ್ದರು. ಹಾರ್ನ್ ಕಟ್ಟಿ ಮರದ ಮೇಲೇ ಕುಳಿತಿರುತ್ತಿದ್ದ ನನಗೆ ಮಾತ್ರ ಇಳಿಯಲು ಮನಸ್ಸಾಗುತ್ತಿರಲಿಲ್ಲ.

ಹೈದರಾಬಾದಿಗೆ ರೆಕಾರ್ಡ್ ಕಂಪನಿಯವನೊಬ್ಬ ಬರುತ್ತಾನೆ, ಟೇಪು ಒಯ್ದು ಕೇಳಿಸಿದರೆ ರೆಕಾರ್ಡು ಹೊರಡಿಸಬಹುದು ಎಂಬ ಸುದ್ದಿ ಹನುಮಂತನಿಗೆ ಸಿಕ್ಕಿತ್ತು. ಒಂದು ಮಧ್ಯಾಹ್ನ ಮೂವರೂ ನಮ್ಮ ಕೋಣೆಗೆ ಬಂದು ಆರು ಹಾಡು ಹಾಡಿದರು. ಐದನೆಯ ಹಾಡಿನಲ್ಲಿ ಮಾರೆಪ್ಪ ಗಿಟಾರನ್ನು ಸ್ಪೀಕರಿನ ಹತ್ತಿರ ಒಯ್ದ. ಕೂಡಲೇ ಅದು ಊಳಿಡಲು ಶುರು ಮಾಡಿತು. ಮೈಕ್ ಸೆಟ್ಟಿನವರಿಗೆ ಆ ಸದ್ದು ಕೇಳಿದರೆ ಕೈ ತಾನಾಗಿ ಸದ್ದಿನ ಗುಂಡಿ ಇಳಿಸುತ್ತದೆ. ನನ್ನ ಕೈಯೂ ಹೋಯಿತು. ಮಾರೆಪ್ಪ ಬೇಡವೆಂದು ತಲೆ ಅಲ್ಲಾಡಿಸಿದ. ಆ ಊಳನ್ನು ಬೆರಳಿನಿಂದ ಹಿಡಿದು ಬಗ್ಗಿಸಿ, ಏರಿಸಿ, ಕೊನೆಗೆ ಹನುಮಂತನ ದನಿಯೊಳಗೆ ತಂದು ಬಿಟ್ಟ. ಕೆಟ್ಟ ಸದ್ದನ್ನೂ ಒಬ್ಬ ಬೇಕೆಂದು ಇಟ್ಟುಕೊಳ್ಳಬಹುದು ಎಂದು ನನಗೆ ಅಂದು ಗೊತ್ತಾಯಿತು.

ಟೇಪನ್ನು ಹಿಂದಕ್ಕೆ ತಿರುಗಿಸಿ ಕೇಳಿಸಬೇಕು ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಬೇರೆ ಊರಿಗೆ ಹಾಡಲು ಹೊರಟಿದ್ದ ಅವರಿಗೆ ಬಸ್ಸಿನ ಹೊತ್ತಾಗಿತ್ತು. "ಹೈದರಾಬಾದಿಗೆ ಹೋಗೂ ಮುಂದ ಬಂದು ಒಯ್ತೀವ್ರಿ ವೆಂಕೋಬಣ್ಣ, ಜ್ವಾಕಿ" ಎಂದು ಹನುಮಂತ ಹೇಳಿ ಹೋದ.

ಮುಂದಿನ ವಾರ ದೊಡ್ಡವರೊಬ್ಬರ ಮನೆಯಲ್ಲಿ ಸ್ವಾಮಿಗಳ ಪ್ರವಚನವಿತ್ತು. ಮುದ್ರಿಸಿಕೊಡಲು ಸಾಹುಕಾರರು ಒಪ್ಪಿಕೊಂಡು ಬಂದಿದ್ದರು. ಟೇಪು ಸುತ್ತಿದ ಹೊಸ ಸ್ಪೂಲು ಇರಲಿಲ್ಲ. ಹಳೆಯದರ ಮೇಲೆ ತುಂಬು ಎಂದರು. ನಾನು ಬೇಡವಾದ ಒಂದು ಸೋಪಿನ ಜಾಹೀರಾತಿನ ಡಬ್ಬಿ ಎತ್ತಿಕೊಂಡು ಹೋದೆ. ಆದರೆ ಸ್ಪೂಲುಗಳನ್ನು ಡಬ್ಬಿಗೆ ಹಾಕುವಾಗ ನಾನೇ ಅದಲುಬದಲು ಮಾಡಿಬಿಟ್ಟಿದ್ದೆ. ಹೆಸರು ಬರೆದದ್ದು ಡಬ್ಬಿಯ ಮೇಲೆ ಮಾತ್ರ, ಸ್ಪೂಲಿನ ಮೇಲೆ ಅಲ್ಲ. ಪ್ರವಚನ ಚೆನ್ನಾಗಿ ಮುದ್ರಣವಾಯಿತು. ಕರೆಂಟ್ ಪಾರ್ಟಿ ಒಂದಿಷ್ಟೂ ಉಳಿಯದೆ ಹೋಯಿತು.

ಅವರು ಬಂದ ದಿನ ಡಬ್ಬಿ ತೆಗೆದು ಹಾಕಿ, ಮೊದಲು ನಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿದರೆ ಸೋಪಿನ ಜಾಹೀರಾತು ಬಂತು. ಅದನ್ನು ಕಳಚಿ ಸಾಹುಕಾರರ ಕೈಗೆ ಕೊಟ್ಟೆ. ಸಾಹುಕಾರರಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಪ್ರವಚನದ ಮನೆಯವರ ಮುಂದೆ, ಊರಿನ ಮುಂದೆ ಅಂಗಡಿಯ ಹೆಸರು ಕೆಡಬಾರದಿತ್ತು. ಅವರು ಮಾರೆಪ್ಪನ ಕಡೆ ತಿರುಗಿದರು.

"ಏನಪಾ, ನಿನ್ನ ಗಿಟಾರಿನಾಗ ಎಂಥಾ ಮ್ಯಾಗ್ನೆಟ್ ಹಾಕೀದಿ? ಟೇಪಿನ ಹತ್ರ ಮ್ಯಾಗ್ನೆಟ್ ತಂದ್ರ ಎಲ್ಲಾ ಅಳಿಸಿ ಹೋಗ್ತದ ಅಂತ ಗೊತ್ತಿಲ್ಲೇನು? ನಿಮ್ದು ಒಂದಕ್ಷರ ಟೇಪಿಗೆ ಹತ್ತಿಲ್ಲ."

ಅಯಸ್ಕಾಂತ ಟೇಪನ್ನು ಅಳಿಸುತ್ತದೆ ಎನ್ನುವುದು ನಿಜ. ಮಾರೆಪ್ಪನಿಗೂ ಅದು ಗೊತ್ತಿತ್ತು. ಅದಕ್ಕೇ ಅವನು ನಂಬಿದ. ನನ್ನ ಮುಖ ನೋಡಿದ. ನಾನು ವಯರು ಸುತ್ತುತ್ತಾ ನಿಂತೆ.

ಹನುಮಂತ ಅಂಗಡಿಯ ಮೆಟ್ಟಿಲ ಮೇಲೇ ಕೂಗಾಡಿದ. "ನಿನ್ನ ಗುಜರಿ ಡಬ್ಬಿ ಸಲುವಾಗಿ ನಮ್ಮ ಬಾಳು ಹಾಳಾತಲ್ಲಲೇ!" ಮಾರೆಪ್ಪ ಗಿಟಾರನ್ನು ಬಗಲಲ್ಲಿ ಇಟ್ಟುಕೊಂಡು ನಡೆದ. ಮತ್ತೆ ಹಾಡಿ ತುಂಬುವಷ್ಟು ದಿನ ಉಳಿದಿರಲಿಲ್ಲ, ಕಂಪನಿಯವನು ಹೈದರಾಬಾದಿಗೆ ಬಂದು ಹೋದ. ಮೇಳ ಮತ್ತೆ ಸೇರಲಿಲ್ಲ. ಹನುಮಂತ ಮಾಸ್ತರಾಗಿ ದೇವದುರ್ಗಕ್ಕೆ ಹೋದ, ಮೆಹಬೂಬ್ ಮದುವೆ ಬ್ಯಾಂಡಿಗೆ ಮರಳಿದ, ಮಾರೆಪ್ಪ ಮಾನ್ವಿಯ ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆದ.

ಆಮೇಲೆ ಕ್ಯಾಸೆಟ್ ಬಂತು. ಸ್ಪೂಲು ಮೂಲೆ ಸೇರಿತು. ಒಂದರಿಂದ ಹತ್ತು ಮಾಡುವ ಕಾಪಿ ಮಷೀನುಗಳು ಬಂದವು. ದಿನವಿಡೀ ಯಾವುದೋ ಹಾಡು ಕಿವಿಯಲ್ಲಿ ಓಡುತ್ತಲೇ ಇರುತ್ತಿತ್ತು. ಮೊಹರಂ ಪದ, ಬಯಲಾಟ, ಸೋಬಾನೆ, ಲಾವಣಿ. ಊಟ ಮಾಡುವಾಗಲೂ ತಾಳ ತಪ್ಪಿದ್ದು ಕೇಳಿಸುತ್ತಿತ್ತು. ನನ್ನ ಹೆಂಡತಿ, "ನಿಮಗ ನಾ ಮಾತಾಡಿದ್ದು ಕೇಳ್ತದೋ, ದನಿ ಅಷ್ಟ ಕೇಳ್ತದೋ?" ಎಂದು ಒಮ್ಮೆ ಕೇಳಿದಳು. ಅವಳು ಹೇಳುವುದರಲ್ಲಿ ತಪ್ಪಿರಲಿಲ್ಲ. ಆ ವರ್ಷಗಳಲ್ಲಿ ಯಾರು ಬಂದರು, ಏನು ಹಾಡಿದರು ಎಂಬುದರಲ್ಲಿ ಮುಕ್ಕಾಲು ಪಾಲು ನನಗೆ ನೆನಪಿಲ್ಲ. ಒಂದು ನಿಯಮ ಮಾತ್ರ ಮಾಡಿಕೊಂಡೆ. ಯಾವ ಮೂಲ ಟೇಪನ್ನೂ ಅಳಿಸುವುದಿಲ್ಲ. ಸಾಹುಕಾರರು ಬೈದರೂ ಬೇಡವಾದವನ್ನೆಲ್ಲ ಹೆಸರು ಬರೆದು ಕಪಾಟಿಗೆ ತುಂಬುತ್ತಿದ್ದೆ.

ನಡುವೆ ಒಮ್ಮೆ ಮಾನ್ವಿಯ ಒಂದು ಮಿಲ್ಲಿನ ಪೂಜೆಗೆ ರೆಕಾರ್ಡರ್ ಒಯ್ದಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಎಣ್ಣೆ ಕೈಯ ಮಾರೆಪ್ಪ ನಿಂತಿದ್ದ. "ಬಾ ಮಾರೆಪ್ಪ, ಕುಂದರು" ಎಂದೆ.

"ಇಲ್ಲೇ ಇರ್ತೀನ್ರಿ. ನಾ ಹತ್ರ ಬಂದ್ರ ಮಷೀನ್ ಕೆಡ್ತದ" ಎಂದು ನಕ್ಕ. ಪೂಜೆ ಮುಗಿಯುವ ತನಕ ಅವನು ಒಂದು ಹೆಜ್ಜೆ ಮುಂದೆ ಬರಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಹನುಮಂತ ಮಾಸ್ತರು ಅಂಗಡಿಗೆ ಬಂದರು. ತಲೆ ಆಗಲೇ ನರೆಯತೊಡಗಿತ್ತು. ಮಾತಾಡುವಾಗ ದನಿ ಮರಳಿನ ಮೇಲೆ ಎಳೆದ ಹಾಗೆ ಬರುತ್ತಿತ್ತು.

"ಗಂಟಲಾಗ ಗಂಟು ಆಗ್ಯಾದಂತ್ರಿ ವೆಂಕೋಬಣ್ಣ. ಮುಂದಿನ ತಿಂಗಳ ಆಪರೇಷನ್. ಆಮ್ಯಾಲ ದನಿ ಉಳೀತದೋ ಇಲ್ಲೋ ಡಾಕ್ಟರು ಖಾತ್ರಿ ಹೇಳವಲ್ರು. ಅದಕ್ಕ ಮದ್ಲ ಹಾಡು ತುಂಬಬೇಕು. ಮೂರೂ ಮಂದಿ. ಮೆಹಬೂಬ್ ಬರ್ತಾನ. ಮಾರೆಪ್ಪನ ಬಲ್ಲಿ ಹೋಗಿದ್ನಿ, ತಾಳ ಹಾಕ್ತೀನಿ, ಗಿಟಾರ್ ಮುಟ್ಟಂಗಿಲ್ಲ ಅಂತಾನ. ಮತ್ತ ನಿಮ್ಮ ಟೇಪ್ ಕೆಟ್ಟೀತಂತ. ನೀವರ ಹೇಳ್ರಿ. ಈಗಿನ ಮಷೀನ್ ಹಂಗ ಕೆಡಂಗಿಲ್ಲಲ್ಲ?"

ಆಗಿನ ಮಷೀನೂ ಹಾಗೆ ಕೆಡುತ್ತಿರಲಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವರು ಹೋದ ಮೇಲೆ ಸಾಹುಕಾರರಿಗೆ ಹೇಳಿದೆ, ನಾನು ಮಾನ್ವಿಗೆ ಹೋಗಿ ಮಾರೆಪ್ಪನಿಗೆ ನಿಜ ಹೇಳಿ ಬರುತ್ತೇನೆ ಎಂದು. ಅವರಿಗೂ ವಯಸ್ಸಾಗಿತ್ತು. "ಯಾಕ ಕೆದರತೀ? ಅವ್ರು ಮರ್ತಾರ. ಬಂದು ಹಾಡಿ ಹೋಗ್ಲಿ ಬಿಡು" ಎಂದರು. ಮರುದಿನ ಬೆಳಗಿನ ಬಸ್ಸು ಹತ್ತಿದೆ.

ಮಿಲ್ಲಿನೊಳಗೆ ಭತ್ತದ ದೂಳು, ಎದುರಿನವನ ಮಾತು ಕೇಳಿಸದಷ್ಟು ಗದ್ದಲ. ಮಾರೆಪ್ಪ ಕುಕ್ಕರುಗಾಲಲ್ಲಿ ಕೂತು ಬೆಲ್ಟು ನೋಡುತ್ತಿದ್ದ. ನಾನು ಬಗ್ಗಿ ಕೂಗಿದೆ:

"ಮಾರೆಪ್ಪ, ನಿನ್ನ ಗಿಟಾರ್ ಟೇಪ್ ಕೆಡಿಸಿರ್ಲಿಲ್ಲ!"

"ಏನ್ರಿ?" ಕಿವಿಗೆ ಕೈ ಹಿಡಿದ.

"ಆ ಟೇಪು... ಅದನ್ನ ನಾನ ಅಳಿಸೀನಿ!"

ಅದೇ ಹೊತ್ತಿಗೆ ಊಟಕ್ಕೆಂದು ಮೋಟಾರು ನಿಲ್ಲಿಸಿದರು. ನನ್ನ ಕೊನೆಯ ಮಾತು ತಗಡಿನ ಮಾಡಿಗೆ ಬಡಿದು ಇಡೀ ಮಿಲ್ಲಿಗೆ ಕೇಳಿಸಿತು. ಚೀಲ ಹೊಲಿಯುತ್ತಿದ್ದ ಹೆಂಗಸರು, ಹಮಾಲರು ಎಲ್ಲ ತಿರುಗಿ ನೋಡಿದರು.

ಮಾರೆಪ್ಪ ಬಟ್ಟೆಯ ಚೂರು ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿದ. ಹತ್ತೂ ಬೆರಳು ಮುಗಿದ ಮೇಲೆ ಎದ್ದು ಹೊರಗೆ ಬೇವಿನ ಮರದ ಕೆಳಗೆ ಹೋದ. ನಾನು ಹಿಂದೆ ಹೋದೆ.

"ಕುಂದರ್ರಿ" ಎಂದ. ಮನೆಗೆ ಬಂದ ಯಾರಿಗಾದರೂ ಹಾಗೆನ್ನುವ ರೂಢಿ ಅದು.

ಡಬ್ಬಿ ಅದಲುಬದಲಾದದ್ದು, ಸಾಹುಕಾರರು ಹೇಳಿದ್ದು, ನಾನು ಸುಮ್ಮನಿದ್ದದ್ದು ಎಲ್ಲ ಹೇಳಿದೆ.

"ಅದ್ರ ಮ್ಯಾಲ ಏನು ತುಂಬಿದ್ರಿ?"

"ಪ್ರವಚನ."

"ಚಲೋ ಇತ್ತೇನು?"

ಬಿದ್ದಿದ್ದ ಬೇವಿನ ಕಡ್ಡಿಯೊಂದನ್ನು ಎತ್ತಿ ನೆಲದ ಮೇಲೆ ಗೆರೆ ಎಳೆಯುತ್ತಾ ಕೂತೆ.

"ಅವತ್ತ ಮನಿಗೆ ಹೋಗಿ ಬಿಚ್ಚೀನ್ರಿ ಗಿಟಾರ್" ಎಂದ ಮಾರೆಪ್ಪ. "ಆ ತಂತಿ ಸುತ್ತಾಕ ಎರಡು ತಿಂಗಳ ಹಿಡಿದಿತ್ತು. ಬಿಚ್ಚಾಕ ಒಂದು ಸಂಜಿ ಸಾಕಾತು. ಈಗ ನನ್ನ ಮಗಳು ರೇಡಿಯೋ ಹಚ್ಚಿದ್ರ ಎದ್ದು ಹೊರಗ ಹೋಗ್ತೀನಿ. ಮನಶ್ಯಾನ ಮೈಯಾಗ ಅಯಸ್ಕಾಂತ ಇರಂಗಿಲ್ಲ ಅಂತ ಗೊತ್ತದ ನನಗ. ಆದ್ರೂ ಹೋಗ್ತೀನಿ."

"ತಪ್ಪಾತು ಮಾರೆಪ್ಪ."

ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಆ ದಿನವೂ ಕೊಡಲಿಲ್ಲ, ಮುಂದೆಯೂ ಕೊಡಲಿಲ್ಲ. ಬೇರೆಯದನ್ನೇ ಕೇಳಿದ.

"ಅಳಸೂಕಿಂತ ಮದ್ಲ ನೀವು ಅದನ್ನ ಕೇಳಿದ್ರ್ಯಾ?"

"ಕೇಳೀನಿ. ಮರುದಿನ ಮುಂಜಾನಿ ಕರೆಂಟ್ ಬಂದ ಮ್ಯಾಲ, ಆರೂ ಹಾಡು."

"ಹ್ಯಾಂಗಿತ್ತು?"

ಈ ಲೋಕದಲ್ಲಿ ಆ ಟೇಪನ್ನು ಕೇಳಿದವನು ನಾನೊಬ್ಬನೇ ಎಂದು ನನಗೆ ಹೊಳೆದದ್ದು ಆಗ. ನುಡಿಸಿದವನಿಗೂ ಅದು ಹೇಗೆ ಬಂದಿದೆ ಎಂದು ಗೊತ್ತಿರಲಿಲ್ಲ. ನಾನು ಒಂದೊಂದೇ ಹಾಡು ಹೇಳುತ್ತಾ ಹೋದೆ. ಮೊದಲ ಹಾಡಿನಲ್ಲಿ ಅವನು ಒಂದು ಗಳಿಗೆ ಅವಸರ ಮಾಡಿದ್ದು, ಮೂರನೆಯದರಲ್ಲಿ ಮೆಹಬೂಬ್ ಬಡಿಗೆ ಬೀಳಿಸಿದ್ದು, ಐದನೆಯದರಲ್ಲಿ ಆ ಊಳು ಎದ್ದು ತಿರುಗಿ ಬಂದು ಹನುಮಂತನ ದನಿಗೆ ಹೊಂದಿಕೊಂಡದ್ದು. ದನಿ ಯಾವುದು, ತಂತಿ ಯಾವುದು ಎಂದು ಅಲ್ಲಿ ನನಗೆ ತಿಳಿಯಲಿಲ್ಲ ಎಂದೆ. ಮಾರೆಪ್ಪ ನೆಲ ನೋಡುತ್ತಾ ಕೇಳಿದ. ಅವನ ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ಒತ್ತುತ್ತಿದ್ದವು.

"ಹಂಗಾದ್ರ ಬಂದಿತ್ತು ಅದು" ಎಂದ. "ನಾ ಖರೇನ ನುಡಿಸೀನೋ, ನುಡಿಸೀನಿ ಅಂತ ತಿಳಕೊಂಡೀನೋ ಅಂತ ಇಷ್ಟು ವರ್ಷ ಗೊತ್ತಿರ್ಲಿಲ್ರಿ." ಆಮೇಲೆ ಎದ್ದು ನಿಂತ. "ಹನುಮಂತಗ, ಮೆಹಬೂಬಗ ನೀವ ಹೇಳಬೇಕು. ನನ್ನ ಎದುರಿಗೆ. ನುಡಿಸೋದು ಬಿಡೋದು ಆಮ್ಯಾಲ ನೋಡ್ತೀನಿ."

ವಾರದ ನಂತರ ಮೂವರೂ ನಮ್ಮ ಕೋಣೆಗೆ ಬಂದರು. ಮಾರೆಪ್ಪ ರಜೆ ಹಾಕಿದ್ದ. ಆರ್ಕೆಸ್ಟ್ರಾದವರಿಂದ ಕೇಳಿ ತಂದ ಗಿಟಾರು ಚೀಲದಲ್ಲೇ ಇತ್ತು. ಬಾಗಿಲು ಹಾಕಿ ಎಲ್ಲ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮೆಹಬೂಬ್ ಎದ್ದ. "ಹನ್ನೆರಡು ವರ್ಷ ಮಂದಿ ಮೆರವಣಿಗಿ ಮುಂದ ಡೋಲು ಬಡಕೋತ ಹೊಂಟೀನಿ, ವೆಂಕೋಬ ಭಾಯ್" ಎಂದಷ್ಟೇ ಹೇಳಿ ಹೊರಗೆ ಹೋದ. ಮರಳಿ ಬರುವುದಿಲ್ಲ ಎಂದುಕೊಂಡೆವು. ಬಂದ. ಡ್ರಮ್ಮಿನ ಮುಂದೆ ಕೂತು ಒಂದೇ ಏಟು ಹೊಡೆದ. ನನ್ನ ಮಷೀನಿನ ಸದ್ದು ಅಳೆಯುವ ಮುಳ್ಳು ಬಲಕ್ಕೆ ಹೋಗಿ ಬಡಿದುಕೊಂಡಿತು. "ಲೆವೆಲ್ ನೋಡ್ಕೋರಿ" ಎಂದ.

ಹನುಮಂತ ಮಾಸ್ತರು ನನ್ನ ಕಡೆ ನೋಡಲೇ ಇಲ್ಲ. ಮಾರೆಪ್ಪನ ಮುಂದೆ ಹೋಗಿ ನಿಂತರು.

"ಗುಜರಿ ಡಬ್ಬಿ ಅಂದಿದ್ನೆಲ್ಲೋ ನಾ."

"ಅಂದಿದ್ದಿ."

"ಮಂದಿ ಮುಂದ ಅಂದ್ನಿ."

"ಈಗ ಮಾತು ಬ್ಯಾಡ" ಎಂದ ಮಾರೆಪ್ಪ. "ದನಿ ಐತಲ್ಲ, ಅದ್ರಾಗ ಹಾಡು." ಚೀಲ ಬಿಚ್ಚಿ ಗಿಟಾರು ತೆಗೆದ.

ಅಷ್ಟರಲ್ಲಿ ಸಾಹುಕಾರರು ಬಾಗಿಲು ತೆರೆದು ನಿಂತರು. ಮಾರೆಪ್ಪ ವಯರು ಕೈಯಲ್ಲಿ ಹಿಡಿದೇ ಕೇಳಿದ, "ಸಾಹುಕಾರ್ರ, ಇದನ್ನ ಹಚ್ಲೇನ್ರಿ? ಮಷೀನ್ ಕೆಡಂಗಿಲ್ಲಲ್ಲ?" ಸಾಹುಕಾರರು ನನ್ನನ್ನು ನೋಡಿದರು, ಗೋಡೆಯ ಗೋಣಿಚೀಲ ನೋಡಿದರು. "ಹಚ್ಚಪಾ" ಎಂದು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದರು. ಆ ದಿನಗಳಲ್ಲಿ ಮತ್ತೆ ಒಳಗೆ ಬರಲಿಲ್ಲ.

ಈ ಎರಡನೆಯ ಮುದ್ರಣ ಮೊದಲಿನಷ್ಟು ಚೆನ್ನಾಗಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾರೆಪ್ಪನ ಬೆರಳು ಬಿಗಿದಿದ್ದವು, ತಂತಿ ಒತ್ತಿದಲ್ಲಿ ಎರಡನೇ ದಿನ ರಕ್ತ ಬಂತು. ಮೆಹಬೂಬ್ ಬೇಗ ದಣಿಯುತ್ತಿದ್ದ. ಹನುಮಂತ ಮಾಸ್ತರಿಗೆ ಎರಡು ಸಾಲು ಹಾಡಿದರೆ ಗಂಟಲು ಕಟ್ಟುತ್ತಿತ್ತು. ಅಷ್ಟು ಹೊತ್ತಿಗೆ ನಮ್ಮಲ್ಲಿ ನಾಲ್ಕು ಸದ್ದುಗಳನ್ನು ಬೇರೆಬೇರೆಯಾಗಿ ತುಂಬುವ ಮಷೀನು ಬಂದಿತ್ತು. ಇಲ್ಲದಿದ್ದರೆ ಕೆಲಸ ಆಗುತ್ತಲೇ ಇರಲಿಲ್ಲ. ವಾದ್ಯ ಮೊದಲು ತುಂಬಿ, ಮಾಸ್ತರ ದನಿಯನ್ನು ಎರಡೆರಡು ಸಾಲಿನಂತೆ ಮೂರು ದಿನ ತೆಗೆದುಕೊಂಡೆ. ಬಿಸಿನೀರು ಕುಡಿಯುವುದು, ಹಾಡುವುದು, ಕೆಮ್ಮುವುದು, ಮತ್ತೆ ಹಾಡುವುದು. ಆರರಲ್ಲಿ ನಾಲ್ಕು ಹಾಡು ಮುಗಿದವು. ಉಳಿದೆರಡನ್ನು ಅವರೇ ಬಿಟ್ಟರು. ಹಿಂದೆ ಊಳಿದ್ದ ಐದನೆಯ ಹಾಡು ಈ ನಾಲ್ಕರಲ್ಲಿ ಸೇರಿತ್ತು. ಮಾರೆಪ್ಪ ಊಳು ಎಬ್ಬಿಸಲು ಹೋಗಲಿಲ್ಲ. ಆ ಜಾಗದಲ್ಲಿ ಒಂದೇ ತಂತಿಯನ್ನು ನಿಧಾನವಾಗಿ ಮೀಟಿ ಬಿಟ್ಟ.

ಹಾಡುಗಳನ್ನು ಕೂಡಿಸಿ ಕ್ಯಾಸೆಟ್ಟಿಗೆ ಇಳಿಸುವ ಕೆಲಸ ನನ್ನದು. ಮಾಸ್ತರು ಪ್ರತಿ ಸಾಲಿಗೂ ಮೊದಲು ಎಳೆದುಕೊಳ್ಳುವ ಉಸಿರು ಸಿಳ್ಳಿನಂತೆ ಜೋರಾಗಿ ಬಂದಿತ್ತು. ಕೇಳಿದರೆ ರೋಗಿ ಎಂದು ತಿಳಿಯುತ್ತಿತ್ತು. ಉಸಿರು ಬಂದಾಗಲೆಲ್ಲ ಗುಂಡಿ ಇಳಿಸಿ, ಮಾತು ಶುರುವಾಗುತ್ತಲೇ ಏರಿಸಿದೆ. ಇಡೀ ಎರಡು ದಿನ ಕೂತು ಒಂದೂ ಉಸಿರು ಉಳಿಯದ ಹಾಗೆ ಮಾಡಿದೆ. ಸಾಹುಕಾರರು ಕೇಳಿ, "ಸ್ವಚ್ಛ ಬಂದದ" ಎಂದರು. ನನಗೂ ಹೆಮ್ಮೆಯಾಯಿತು. ಮಾಡಿದ ಪಾಪಕ್ಕೆ ಇಷ್ಟಾದರೂ ಮಾಡಿದೆನಲ್ಲ ಎಂದುಕೊಂಡೆ. ಕ್ಯಾಸೆಟ್ ಹೊರಬಂತು. ದೇವದುರ್ಗದ ಬಸ್ ನಿಲ್ದಾಣದಲ್ಲಿ, ಮಾನ್ವಿಯ ಸಂತೆಯಲ್ಲಿ ಕೆಲವು ದಿನ ಹಾಕುತ್ತಿದ್ದರು. ಆಮೇಲೆ ಬೇರೆ ಕ್ಯಾಸೆಟ್ಟುಗಳು ಬಂದವು.

ಆಪರೇಷನ್ ಆಗಿ ಕೆಲವು ತಿಂಗಳ ನಂತರ ಹನುಮಂತ ಮಾಸ್ತರು ಒಂದು ಮುಂಜಾನೆ ಬಂದರು. ಗಂಟು ಹೋಗಿತ್ತು, ಜೀವ ಉಳಿದಿತ್ತು. ದನಿ ಮರಳಿರಲಿಲ್ಲ. ಬರೀ ಗಾಳಿಯಲ್ಲಿ ಮಾತಾಡುತ್ತಿದ್ದರು. ಶಾಲೆಗೆ ಹೋಗುತ್ತಿದ್ದಾರೆ, ತರಗತಿಯಲ್ಲಿ ಈಗ ಗದ್ದಲವೇ ಇಲ್ಲ, ಮಕ್ಕಳು ಕೇಳಬೇಕೆಂದರೆ ಸುಮ್ಮನಿರಲೇಬೇಕು ಎಂದು ಹೇಳಿ ನಕ್ಕರು. ನಕ್ಕದ್ದೂ ಗಾಳಿಯೇ. ನಾನು ಕ್ಯಾಸೆಟ್ ಹಾಕಿದೆ. ಒಂದು ಹಾಡು ಮುಗಿಯುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಲು ಹೇಳಿದರು.

"ಮನ್ಯಾಗೂ ಕೇಳೀನ್ರಿ. ಏನೋ ಕಮ್ಮಿ ಅನಸ್ತದ" ಎಂದರು. ನಾನು ಅವರ ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು. "ನನ್ನ ಉಸಿರು ಎಲ್ಲಿ ಹೋತ್ರಿ?"

"ಜೋರು ಬಂದಿತ್ತು ಮಾಸ್ತರ್ರ. ಚಂದ ಕಾಣಂಗಿಲ್ಲಂತ ತಗದೀನಿ."

"ಅದೂ ನಂದ ಅಲ್ಲೇನ್ರಿ? ಹೆಣಗಾಡಿ ಹಾಡೀನಿ ನಾ. ಇದು ಯಾರೋ ಸಲೀಸು ಹಾಡಿದಂಗ ಅದ."

ನಾನು ಕಪಾಟಿನ ಬಳಿ ಹೋಗಿ ಮೂಲ ಟೇಪು ತೆಗೆದೆ. ಇನ್ನೊಂದು ವಾರ ಬಿಟ್ಟು ಬನ್ನಿ ಎಂದೆ. ಅಂಗಡಿಯ ಕೆಲಸದ ನಡುವೆ ಸಿಕ್ಕ ಹೊತ್ತಿನಲ್ಲಿ ನಾಲ್ಕೂ ಹಾಡುಗಳನ್ನು ಮತ್ತೆ ಕೂಡಿಸಿದೆ. ಈ ಸಲ ಉಸಿರು ಬಂದಾಗ ಗುಂಡಿ ಮುಟ್ಟದೆ ಕೈ ಕಟ್ಟಿಕೊಂಡು ಕೂತೆ. ಮೂರು ಕ್ಯಾಸೆಟ್ ಮಾತ್ರ ಮಾಡಿದೆ. ಊರೂರಿಗೆ ಹೋದ ಕ್ಯಾಸೆಟ್ಟುಗಳನ್ನು ಮರಳಿ ತರುವ ದಾರಿ ಇರಲಿಲ್ಲ. ಅವು ಉಸಿರಿಲ್ಲದೆಯೇ ಹೋದವು. ಈಗಲೂ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಹಾಗೆಯೇ ಇರುತ್ತವೆ. ಮಾನ್ವಿಗೆ ಒಂದನ್ನು ಕಳಿಸಿದೆ. ಮಾರೆಪ್ಪನಿಂದ ಯಾವ ಮಾತೂ ಬರಲಿಲ್ಲ. ಮಗಳು ಅದನ್ನು ಹಾಕಿದಾಗ ಅವನು ಎದ್ದು ಹೊರಗೆ ಹೋಗಲಿಲ್ಲವೆಂದು ಮೆಹಬೂಬ್ ಆಮೇಲೆ ಹೇಳಿದ.

ಮಾಸ್ತರು ಹೇಳಿದ ದಿನ ಬಂದರು. ಫ್ಯಾನ್ ಆರಿಸಿ ಕ್ಯಾಸೆಟ್ ಹಾಕಿದೆ. ಅವರು ಸ್ಟೂಲಿನ ಮೇಲೆ ಕೈ ಕಟ್ಟಿ ಕೂತರು. ಬಸ್ಸು ಹತ್ತಿದವರ ಹಾಡು ಅದು. ಕೊನೆಯ ಸಾಲಿಗೆ ಮೊದಲು ಟೇಪಿನಲ್ಲಿ ಆ ಉಸಿರು ಸಿಳ್ಳಿನಂತೆ ಉದ್ದಕ್ಕೆ ಎಳೆದುಕೊಂಡಿತು. ಅದರ ಜೊತೆಗೆ ಮಾಸ್ತರ ಎದೆ ಏರಿತು, ಬಾಯಿ ತೆರೆಯಿತು. ಸಾಲು ಮುಗಿಯುವ ತನಕ ತುಟಿ ಆಡಿಸುತ್ತಲೇ ಇದ್ದರು. ಕೋಣೆಯಲ್ಲಿ ಕೇಳಿಸುತ್ತಿದ್ದದ್ದು ಟೇಪೋ ಅವರೋ ಎಂದು ಮಷೀನಿನಲ್ಲಿ ತಿರುಗುವ ಚಕ್ರ ನೋಡಿಕೊಂಡೇ ತಿಳಿಯಬೇಕಾಗಿತ್ತು.